ಇಂಟರ್ನೆಟ್ ಕಂಪನಿಯ ಸಂಪರ್ಕ ತಂತ್ರಾಂಶಕ್ಕೆ ಫೈರ್‌ವಾಲ್ ಅಡ್ಡ ಬಂದಾಗ: ಹಂತ ಹಂತವಾಗಿ ಸರಿಪಡಿಸುವ ಬಗೆ

ಇಂಟರ್ನೆಟ್ ಕಂಪನಿ ಕೊಟ್ಟ ಸಂಪರ್ಕ ತಂತ್ರಾಂಶದಲ್ಲಿ (ಲಾಗಿನ್ ಮಾಡಿಸುವ ತಂತ್ರಾಂಶವೂ ಇದೇ) ಹಸಿರು ಗುರುತು ಕಾಣುತ್ತದೆ, ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ಅಥವಾ ಎಲ್ಲವೂ ಸರಾಗವಾಗಿ ನಡೆದು, ಗಡಿಯಾರ ಇಟ್ಟು ಅಳೆದಂತೆ ಮೂರನೆಯ ನಿಮಿಷಕ್ಕೆ ಸಂಪರ್ಕ ಕಡಿದು ಹೋಗುತ್ತದೆ. ಸಹಾಯವಾಣಿಗೆ ಕರೆ ಮಾಡಿದರೆ ಸಿಗುವ ಉತ್ತರ ಒಂದೇ: ಫೈರ್‌ವಾಲ್ ಆಫ್ ಮಾಡಿ. ಕಂಪ್ಯೂಟರಿಗೆ ಬರುವ, ಅಲ್ಲಿಂದ ಹೋಗುವ ಮಾಹಿತಿಯನ್ನು ಕಾಯುವ ಆ ಕಾವಲು ತಂತ್ರಾಂಶವನ್ನು ಆಫ್ ಮಾಡಿದೊಡನೆ ಇಂಟರ್ನೆಟ್ ಬರುತ್ತದೆ, ನಾವು ಹಾಗೆಯೇ ಬಿಟ್ಟು ಮರೆತುಬಿಡುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಈ ಕೆಲಸದಲ್ಲಿ ಸೋತವರ ಕಂಪ್ಯೂಟರುಗಳನ್ನು ನೋಡಿದಾಗ ನನಗೆ ಕಂಡದ್ದು ತಿಳಿವಳಿಕೆಯ ಕೊರತೆಯಲ್ಲ. ಅವರು ಮಾಡಿದ್ದೆಲ್ಲ ಬಹುಪಾಲು ಸರಿಯೇ, ಮಾಡಿದ ಅನುಕ್ರಮ ಮಾತ್ರ ತಪ್ಪು. ಸಂಪರ್ಕ ಯಾವ ಘಟ್ಟದಲ್ಲಿ ಮುರಿಯುತ್ತಿದೆ ಎಂದು ನೋಡುವ ಮೊದಲೇ ಐದಾರು ಸೆಟ್ಟಿಂಗ್ ಬದಲಿಸಿರುತ್ತಾರೆ. ಆಮೇಲೆ ಯಾವುದು ರೋಗ, ಯಾವುದು ಮದ್ದು ಎಂದು ಯಾರಿಗೂ ಹೇಳಲಾಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಹಾರಿಸಬೇಡಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಬರೆದಿಡಿ. ವಿವರಣೆಯೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುವಂತಿದೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತುಗಳಿವೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಕಂಪ್ಯೂಟರಿನ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬೇಕು. ಇಂಟರ್ನೆಟ್ ಸಂಪರ್ಕದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದುಕೊಂಡಿರಬೇಕು. ಎಷ್ಟೋ ಜನರಿಗೆ ಅದು ನೆನಪೇ ಇರುವುದಿಲ್ಲ, ತಂತ್ರಾಂಶವನ್ನು ತೆಗೆದುಹಾಕಿದ ಮೇಲೆ ಗೊತ್ತಾಗುತ್ತದೆ. ಸಂಪರ್ಕ ತಂತ್ರಾಂಶದ ಇನ್‌ಸ್ಟಾಲ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಒಂದು ಲ್ಯಾನ್ ಕೇಬಲ್ ಇರಲಿ, ಏಕೆಂದರೆ ವೈಫೈ ಮೇಲೆ ಪರೀಕ್ಷೆ ಮಾಡಿದರೆ ದೋಷ ವೈಫೈಯದೋ ಫೈರ್‌ವಾಲಿನದೋ ತಿಳಿಯದು. ಇಂಟರ್ನೆಟ್ ಇಲ್ಲದಾಗ ಏನಾದರೂ ಹುಡುಕಲು ಮೊಬೈಲ್ ಡೇಟಾ ಇರುವ ಫೋನ್ ಸಾಕು.

ಇನ್ನೊಂದು ಕೆಲಸವನ್ನು ಈಗಲೇ ಮುಗಿಸಿ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ "ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯುರಿಟಿ" ತೆರೆಯಿರಿ. ಎಡಭಾಗದ ಮೇಲ್ತುದಿಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ "ಎಕ್ಸ್‌ಪೋರ್ಟ್ ಪಾಲಿಸಿ" ಆರಿಸಿ ಫೈಲನ್ನು ಉಳಿಸಿ. ಈಗಿರುವ ಎಲ್ಲ ನಿಯಮಗಳೂ ಅದರೊಳಗೆ ಬರುತ್ತವೆ. ಮುಂದೆ ಎಲ್ಲಾದರೂ ಎಡವಿದರೆ ಅದೇ ಮೆನುವಿನ "ಇಂಪೋರ್ಟ್ ಪಾಲಿಸಿ"ಯಿಂದ ಮೊದಲಿನ ಸ್ಥಿತಿಗೆ ಮರಳಬಹುದು. ಎರಡು ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಆಮೇಲೆ ಮರುಗುತ್ತಾರೆ.

## ಹಂತ 1: ಸಂಪರ್ಕ ಎಲ್ಲಿ ಮುರಿಯುತ್ತಿದೆ ಎಂದು ಗುರುತಿಸಿ

ಮನೆಯ ಇಂಟರ್ನೆಟ್ ಸಂಪರ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಮೋಡೆಮ್ ಅಥವಾ ಕಂಪನಿಯ ಉಪಕರಣದೊಂದಿಗೆ ಮಾತುಕತೆ, ಆಮೇಲೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಸಿಗುವ ಸಂಖ್ಯೆಗಳ ವಿಳಾಸ), ಆಮೇಲೆ ಲಾಗಿನ್, ಕೊನೆಗೆ ಪುಟಗಳು. ಯಾವ ಮೆಟ್ಟಿಲಲ್ಲಿ ಜಾರುತ್ತಿದ್ದೀರಿ ಎನ್ನುವುದೇ ಅರ್ಧ ಉತ್ತರ.

ಡಯಲ್ ಆಗುವುದೇ ಇಲ್ಲ. ಬಳಕೆದಾರ ಹೆಸರು ಕೊಟ್ಟು "ಕನೆಕ್ಟ್" ಒತ್ತುವ ಬಗೆಯ ಸಂಪರ್ಕಗಳು ಸಾಮಾನ್ಯವಾಗಿ ಪಿಪಿಪಿಒಇ ಎಂಬ ವಿಧಾನವನ್ನು ಬಳಸುತ್ತವೆ. ಇಲ್ಲಿ ದೋಷದ ಸಂಖ್ಯೆಯನ್ನು ಓದಿ. 691 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ, ಇಲ್ಲವೇ ಖಾತೆ ನಿಂತಿದೆ. ಅದಕ್ಕೂ ಫೈರ್‌ವಾಲಿಗೂ ಸಂಬಂಧವಿಲ್ಲ. 651 ಅಥವಾ 815 ಬಂದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ: ಕೇಬಲ್, ಮೋಡೆಮ್, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ನೋಡಿ. ಪಿಪಿಪಿಒಇ ಮಾತುಕತೆ ಐಪಿ ವಿಳಾಸ ಸಿಗುವುದಕ್ಕೆ ಮೊದಲೇ, ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ನಡೆಯುತ್ತದೆ. ವಿಂಡೋಸ್‌ನ ಫೈರ್‌ವಾಲ್ ಕಾವಲು ಕಾಯುವುದು ಐಪಿ ಮಟ್ಟದಲ್ಲಿ. ಹಾಗಾಗಿ ಡಯಲ್ ಹಂತದಲ್ಲೇ ಸೋಲುತ್ತಿದ್ದರೆ ವಿಂಡೋಸ್ ಫೈರ್‌ವಾಲಿನ ನಿಯಮಗಳನ್ನು ಕೆದಕುವುದು ವ್ಯರ್ಥ. ಬೇರೆ ಕಂಪನಿಯ ಫೈರ್‌ವಾಲ್ ನೆಟ್‌ವರ್ಕ್ ಕಾರ್ಡಿಗೆ ಅಂಟಿಸಿರುವ ಫಿಲ್ಟರ್ ಡ್ರೈವರ್ (ಕಾರ್ಡಿನ ಮೂಲಕ ಸಾಗುವುದನ್ನೆಲ್ಲ ಸೋಸುವ ಚಿಕ್ಕ ತಂತ್ರಾಂಶ) ಮಾತ್ರ ಇಲ್ಲಿ ಶಂಕಿತ. ನೇರ ಹಂತ 3ಕ್ಕೆ ಹೋಗಿ.

ಐಪಿ ವಿಳಾಸ ಸಿಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ "ನೆಟ್‌ವರ್ಕ್ ಕನೆಕ್ಷನ್ಸ್" ಕಿಟಕಿಯಲ್ಲಿ ನಿಮ್ಮ ಸಂಪರ್ಕದ ಮೇಲೆ ಎರಡು ಬಾರಿ ಒತ್ತಿ, "ಡೀಟೇಲ್ಸ್" ತೆರೆಯಿರಿ. ಐಪಿವಿ4 ವಿಳಾಸ 169.254 ಎಂದು ಆರಂಭವಾಗಿದ್ದರೆ ಅದು ಕಂಪ್ಯೂಟರ್ ತಾನೇ ಇಟ್ಟುಕೊಂಡ ಹೆಸರು, ಯಾರೂ ಕೊಟ್ಟದ್ದಲ್ಲ. ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಬಂದು ತಲುಪಿಲ್ಲ ಎಂದು ಅರ್ಥ. ಈ ಮಾತುಕತೆ ಯುಡಿಪಿ ಎಂಬ ಸಾಗಣೆ ವಿಧಾನದ 67 ಮತ್ತು 68ನೆಯ ಪೋರ್ಟ್‌ಗಳಲ್ಲಿ, ಅಂದರೆ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ, ನಡೆಯುತ್ತದೆ. ಹಂತ 5ರ ಕೊನೆಯ ಭಾಗ ನೋಡಿ.

ವಿಳಾಸ ಇದೆ, ಲಾಗಿನ್ ಆಗುವುದಿಲ್ಲ. ತಂತ್ರಾಂಶ "ಸರ್ವರ್ ಸಿಗುತ್ತಿಲ್ಲ" ಎನ್ನುತ್ತದೆ. ಇಲ್ಲಿ ಫೈರ್‌ವಾಲಿನ ಮೇಲಿನ ಅನುಮಾನ ಬಲವಾಗುತ್ತದೆ. ಹಂತ 4 ನಿಮಗಾಗಿಯೇ ಇದೆ.

ಲಾಗಿನ್ ಆಗುತ್ತದೆ, ಕೆಲವು ಪುಟ ಮಾತ್ರ ತೆರೆಯುತ್ತವೆ. ಹುಡುಕಾಟದ ಪುಟ ಬರುತ್ತದೆ, ಬ್ಯಾಂಕಿನ ಪುಟ ಸುತ್ತುತ್ತಲೇ ಇರುತ್ತದೆ. ಹಂತ 6 ನೋಡಿ.

ನಿಗದಿತ ಅವಧಿಗೊಮ್ಮೆ ಕಡಿದು ಹೋಗುತ್ತದೆ. ಕೈಯಲ್ಲಿ ಗಡಿಯಾರ ಹಿಡಿದು ಮೂರು ಬಾರಿ ಅಳೆಯಿರಿ. ಮೂರು ಬಾರಿಯೂ ಒಂದೇ ಅಂತರವಿದ್ದರೆ ಅದು ತಂತಿಯ ದೋಷವಲ್ಲ. ಸಡಿಲವಾದ ತಂತಿಗೆ ಅಷ್ಟು ಶಿಸ್ತು ಇರುವುದಿಲ್ಲ. ಹಂತ 5 ನೋಡಿ.

## ಹಂತ 2: ಎರಡು ನಿಮಿಷದ ಪರೀಕ್ಷೆ

ಈಗ ಮಾತ್ರ ಫೈರ್‌ವಾಲನ್ನು ಆಫ್ ಮಾಡಬಹುದು, ಅದೂ ತನಿಖೆಗಾಗಿ ಮಾತ್ರ.

ಮೊದಲೊಂದು ಎಚ್ಚರಿಕೆ. ನಡುವೆ ರೌಟರ್ ಇಲ್ಲದೆ ಕಂಪ್ಯೂಟರಿನಿಂದಲೇ ಡಯಲ್ ಮಾಡುವವರಾದರೆ, ನಿಮ್ಮ ಯಂತ್ರಕ್ಕೆ ಹೊರಜಗತ್ತಿಗೆ ನೇರವಾಗಿ ಕಾಣುವ ವಿಳಾಸ ಸಿಕ್ಕಿರುವ ಸಾಧ್ಯತೆ ಇದೆ. ಆಗ ಫೈರ್‌ವಾಲ್ ಆಫ್ ಆದ ಕ್ಷಣದಿಂದ ಬಾಗಿಲು ಬೀದಿಗೆ ತೆರೆದಂತೆಯೇ. ತೆರೆದಿರುವ ಕಡತಗಳನ್ನು ಮುಚ್ಚಿ, ಬ್ಯಾಂಕ್ ವ್ಯವಹಾರ ಮಾಡಬೇಡಿ, ಎರಡು ನಿಮಿಷ ಮೀರಬೇಡಿ.

ಬೇರೆ ಕಂಪನಿಯ ಭದ್ರತಾ ತಂತ್ರಾಂಶ ಇದ್ದರೆ ಮೊದಲು ಅದರ ಫೈರ್‌ವಾಲನ್ನು ಸ್ವಲ್ಪ ಹೊತ್ತಿಗೆ ಮಾತ್ರ ತಡೆಹಿಡಿಯಿರಿ. ಸಂಪರ್ಕ ಪರೀಕ್ಷಿಸಿ, ಮತ್ತೆ ಆನ್ ಮಾಡಿ. ಆಮೇಲೆ "ವಿಂಡೋಸ್ ಸೆಕ್ಯುರಿಟಿ" ತೆರೆದು "ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್" ವಿಭಾಗದಲ್ಲಿ "ಆ್ಯಕ್ಟಿವ್" ಎಂದು ಬರೆದಿರುವ ಪ್ರೊಫೈಲನ್ನು ಮಾತ್ರ ಆಫ್ ಮಾಡಿ ಪರೀಕ್ಷಿಸಿ. ಪ್ರೊಫೈಲ್ ಎಂದರೆ ನೆಟ್‌ವರ್ಕಿನ ಬಗೆಗೆ ತಕ್ಕ ನಿಯಮಗಳ ಕಟ್ಟು: "ಡೊಮೇನ್" (ಕಚೇರಿ), "ಪ್ರೈವೇಟ್" (ಮನೆ), "ಪಬ್ಲಿಕ್" (ಹೊರಗಿನದು). ಮೂರನ್ನೂ ಆಫ್ ಮಾಡಬೇಕಾಗಿಲ್ಲ. ಯಾವ ಪ್ರೊಫೈಲ್ ಸಕ್ರಿಯವಾಗಿದೆ ಎಂಬುದನ್ನು ಬರೆದುಕೊಳ್ಳಿ, ಹಂತ 4ರಲ್ಲಿ ಬೇಕಾಗುತ್ತದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ "ಸರ್ವೀಸಸ್" ಪಟ್ಟಿಗೆ ಹೋಗಿ ಫೈರ್‌ವಾಲಿನ ಸೇವೆಯನ್ನೇ, ಅಥವಾ "ಬೇಸ್ ಫಿಲ್ಟರಿಂಗ್ ಎಂಜಿನ್" ಎಂಬುದನ್ನು ನಿಲ್ಲಿಸುವುದು. ಸೇವೆಯನ್ನು ನಿಲ್ಲಿಸಬಾರದು, ಪ್ರೊಫೈಲನ್ನು ಮಾತ್ರ ಆಫ್ ಮಾಡಬೇಕು ಎನ್ನುವುದು ಮೈಕ್ರೋಸಾಫ್ಟ್‌ನದೇ ಸೂಚನೆ. ಆ ಎಂಜಿನ್ ನಿಂತರೆ ಅದರ ಮೇಲೆ ನಿಂತಿರುವ ಬೇರೆ ಭಾಗಗಳೂ ಕೆಡುತ್ತವೆ, ನೀವು ಹೊಸದೊಂದು ದೋಷವನ್ನು ಮನೆಗೆ ಕರೆದ ಹಾಗಾಗುತ್ತದೆ.

ಫಲಿತಾಂಶವನ್ನು ಹೀಗೆ ಓದಿ: ಆಫ್ ಮಾಡಿದಾಗ ಸರಿಹೋದರೆ ಮುಂದಿನ ಹಂತಗಳಿಗೆ ಹೋಗಿ. ವಿಂಡೋಸ್‌ನದನ್ನು ಆಫ್ ಮಾಡಿದರೂ ಏನೂ ಬದಲಾಗದಿದ್ದರೆ ಅದನ್ನು ಬಹುಮಟ್ಟಿಗೆ ದೋಷಮುಕ್ತ ಎಂದುಕೊಳ್ಳಬಹುದು. ಬೇರೆ ಕಂಪನಿಯ ಫೈರ್‌ವಾಲಿಗೆ ಮಾತ್ರ ಈ ತೀರ್ಪು ಕೊಡಬೇಡಿ. "ತಡೆಹಿಡಿ" ಎಂದರೂ ಅದರ ಫಿಲ್ಟರ್ ಡ್ರೈವರ್ ಕಾರ್ಡಿನ ಮೇಲೆ ಕುಳಿತೇ ಇರುತ್ತದೆ. ಪೂರ್ತಿ ತೆಗೆದ ಮೇಲೆಯೇ ಖಚಿತ.

## ಹಂತ 3: ಒಂದೇ ಫೈರ್‌ವಾಲ್ ಉಳಿಸಿ

ಭದ್ರತಾ ತಂತ್ರಾಂಶದ ಫೈರ್‌ವಾಲ್ ಸರಿಯಾಗಿ ನೋಂದಾಯಿಸಿಕೊಂಡರೆ ವಿಂಡೋಸ್ ತನ್ನ ಫೈರ್‌ವಾಲನ್ನು ತಾನೇ ಹಿಂದೆ ಸರಿಸುತ್ತದೆ. ತೊಡಕು ಬರುವುದು ಅರೆಬರೆ ಸ್ಥಿತಿಯಲ್ಲಿ: ಎರಡೂ ಎಚ್ಚರವಾಗಿರುವಾಗ, ಅಥವಾ ಅವಧಿ ಮುಗಿದ ಹಳೆಯ ತಂತ್ರಾಂಶದ ಅವಶೇಷ ಉಳಿದಿರುವಾಗ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ನಿಮ್ಮ ಲಾಗಿನ್ ತಂತ್ರಾಂಶ ಬಡವಾಗುತ್ತದೆ. ಒಬ್ಬ ಕಾವಲುಗಾರ ಒಳಗೆ ಬಿಟ್ಟದ್ದನ್ನು ಇನ್ನೊಬ್ಬ ತಡೆಯುತ್ತಾನೆ.

1. ಬೇಡದ ಭದ್ರತಾ ತಂತ್ರಾಂಶವನ್ನು ಸೆಟ್ಟಿಂಗ್ಸ್‌ನ "ಆ್ಯಪ್ಸ್" ಪಟ್ಟಿಯಿಂದ ತೆಗೆದುಹಾಕಿ, ಕಂಪ್ಯೂಟರನ್ನು ಮರುಆರಂಭಿಸಿ.

2. ಅದೇ ಕಂಪನಿಯ ತಾಣದಲ್ಲಿ ಪ್ರತ್ಯೇಕವಾದ "ರಿಮೂವಲ್ ಟೂಲ್" ಸಿಗುತ್ತದೆಯೇ ನೋಡಿ. ದೊಡ್ಡ ಭದ್ರತಾ ಕಂಪನಿಗಳಲ್ಲಿ ಹೆಚ್ಚಿನವು ಇದನ್ನು ಕೊಡುತ್ತವೆ. ಮಾಮೂಲಿ ವಿಧಾನದಲ್ಲಿ ತೆಗೆದಾಗ ಡ್ರೈವರ್‌ಗಳು ಉಳಿದುಬಿಡುತ್ತವೆ ಎಂದು ಅವರಿಗೂ ಗೊತ್ತಿದೆ.

3. "ನೆಟ್‌ವರ್ಕ್ ಕನೆಕ್ಷನ್ಸ್" ಕಿಟಕಿಯಲ್ಲಿ ಲ್ಯಾನ್ ಕಾರ್ಡಿನ "ಪ್ರಾಪರ್ಟೀಸ್" ತೆರೆಯಿರಿ. ಅಲ್ಲೊಂದು ಪಟ್ಟಿ ಇರುತ್ತದೆ. ತೆಗೆದುಹಾಕಿದ ತಂತ್ರಾಂಶದ ಹೆಸರಿನ ಫಿಲ್ಟರ್ ಅಲ್ಲಿ ಇನ್ನೂ ಕುಳಿತಿದ್ದರೆ ಅದರ ಗುರುತು ತೆಗೆದು ಪರೀಕ್ಷಿಸಿ. ಸಂಪರ್ಕ ಬಂದರೆ ಅದನ್ನು ಆರಿಸಿ "ಅನ್‌ಇನ್‌ಸ್ಟಾಲ್" ಒತ್ತಿ.

ಆ ಪಟ್ಟಿಯಲ್ಲಿರುವ ಇಂಟರ್ನೆಟ್ ಪ್ರೊಟೊಕಾಲ್ 4 ಮತ್ತು 6ನ್ನು ಮುಟ್ಟಬೇಡಿ. ಹೆಸರು ಅಪರಿಚಿತ ಎಂದ ಮಾತ್ರಕ್ಕೆ ಎಲ್ಲದರ ಗುರುತನ್ನೂ ತೆಗೆಯಬೇಡಿ. ಸಂಪರ್ಕ ತಂತ್ರಾಂಶ ತಾನೇ ಅಲ್ಲೊಂದು ಫಿಲ್ಟರ್ ಹಾಕಿಕೊಂಡಿರುವುದೂ ಉಂಟು.

## ಹಂತ 4: ತಡೆ ನಿಯಮವನ್ನು ಹುಡುಕಿ, ಆಮೇಲೆ ಅನುಮತಿ ಕೊಡಿ

ಇದೇ ನಿಜವಾದ ಗಂಟು. ಹೆಚ್ಚಿನ ದೋಷಗಳು ಇಲ್ಲೇ ಬಿಚ್ಚಿಕೊಳ್ಳುತ್ತವೆ, ಹೆಚ್ಚಿನವರು ಸೋಲುವುದೂ ಇಲ್ಲೇ.

ಹೊರಗಿನಿಂದ ಬರುವ ಸಂಪರ್ಕಕ್ಕೆ ಕಾಯುವ ಹೊಸ ತಂತ್ರಾಂಶ ಮೊದಲ ಬಾರಿ ಓಡಿದಾಗ ವಿಂಡೋಸ್ ಒಂದು ಕಿಟಕಿ ತೆರೆದು, ಇದಕ್ಕೆ ಅವಕಾಶ ಕೊಡಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ "ಕ್ಯಾನ್ಸಲ್" ಒತ್ತುತ್ತೇವೆ. ಆಮೇಲೆ ನೋಡೋಣ ಎಂಬುದು ನಮ್ಮ ಭಾವನೆ. ವಿಂಡೋಸ್ ಅದನ್ನು "ಬೇಡ" ಎಂದೇ ತಿಳಿದು, ಆ ತಂತ್ರಾಂಶಕ್ಕೆ ತಡೆ ನಿಯಮಗಳನ್ನು ಬರೆದುಬಿಡುತ್ತದೆ, ಸಾಮಾನ್ಯವಾಗಿ ಟಿಸಿಪಿಗೆ (ಇನ್ನೊಂದು ಸಾಗಣೆ ವಿಧಾನ) ಒಂದು, ಯುಡಿಪಿಗೆ ಒಂದು. ಆ ಕಿಟಕಿ ಮತ್ತೆ ಬರುವುದಿಲ್ಲ.

ಇದರ ಮೇಲೆ ನೀವು ಹತ್ತು ಅನುಮತಿ ನಿಯಮ ಬರೆದರೂ ಪ್ರಯೋಜನವಿಲ್ಲ. ಒಂದೇ ತಂತ್ರಾಂಶಕ್ಕೆ ತಡೆಯೂ ಅನುಮತಿಯೂ ಇದ್ದರೆ ವಿಂಡೋಸ್ ಫೈರ್‌ವಾಲ್ ತಡೆಯ ಮಾತನ್ನೇ ಕೇಳುತ್ತದೆ. "ಅಲೋ ಕೊಟ್ಟಿದ್ದೇನೆ, ಆದರೂ ಬರುತ್ತಿಲ್ಲ" ಎನ್ನುವವರ ಯಂತ್ರದಲ್ಲಿ ಪಟ್ಟಿಯನ್ನು ಸ್ವಲ್ಪ ಕೆಳಗೆ ಸರಿಸಿದರೆ ಕೆಂಪು ಗುರುತಿನ ಎರಡು ಸಾಲು ಕಾಣುತ್ತವೆ.

1. ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿಯಲ್ಲಿ "ಇನ್‌ಬೌಂಡ್ ರೂಲ್ಸ್" (ಒಳಬರುವುದರ ನಿಯಮಗಳು) ಒತ್ತಿ. "ಆ್ಯಕ್ಷನ್" ಎಂಬ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ತಡೆ ನಿಯಮಗಳೆಲ್ಲ ಒಂದೆಡೆ ಸೇರುತ್ತವೆ. ಸಂಪರ್ಕ ತಂತ್ರಾಂಶದ ಹೆಸರಿರುವವನ್ನು ಹುಡುಕಿ ಅಳಿಸಿ. "ಔಟ್‌ಬೌಂಡ್ ರೂಲ್ಸ್"ನಲ್ಲೂ ಹೀಗೆಯೇ ನೋಡಿ. ಹೊರಹೋಗುವುದಕ್ಕೆ ವಿಂಡೋಸ್ ಮಾಮೂಲಾಗಿ ಅಡ್ಡಿ ಮಾಡುವುದಿಲ್ಲ, ಅಲ್ಲಿ ತಡೆ ಇದ್ದರೆ ಅದನ್ನು ಯಾರೋ ಅಥವಾ ಯಾವುದೋ ತಂತ್ರಾಂಶ ಹಾಕಿರಬಹುದು.

2. ತಂತ್ರಾಂಶ ಈಗ ನಿಜವಾಗಿ ಎಲ್ಲಿಂದ ಓಡುತ್ತಿದೆ ಎಂದು ನೋಡಿ. ಟಾಸ್ಕ್ ಮ್ಯಾನೇಜರ್‌ನ "ಡೀಟೇಲ್ಸ್" ಭಾಗದಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ "ಓಪನ್ ಫೈಲ್ ಲೊಕೇಶನ್" ಆರಿಸಿ. ನಿಯಮಗಳು ಫೈಲಿನ ದಾರಿಗೆ ಅಂಟಿಕೊಂಡಿರುತ್ತವೆ. ತಂತ್ರಾಂಶ ನವೀಕರಣಗೊಂಡು ಬೇರೆ ಫೋಲ್ಡರ್‌ಗೆ ಹೋದರೆ ಹಳೆಯ ಅನುಮತಿ ಖಾಲಿ ಮನೆಯ ಬೀಗದಂತೆ ಅಲ್ಲೇ ಉಳಿಯುತ್ತದೆ. ನಿನ್ನೆಯವರೆಗೆ ಸರಿಯಿದ್ದು, ನವೀಕರಣದ ಮರುದಿನ ಕೆಟ್ಟಿತು ಎಂದರೆ ಮೊದಲು ಇದನ್ನು ನೋಡಿ.

3. ಒಂದೇ ಫೈಲ್ ಎಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಕಿಟಕಿ ಒಂದು, ಹಿನ್ನೆಲೆಯಲ್ಲಿ ಓಡುವ ಸೇವೆ ಇನ್ನೊಂದು, ನವೀಕರಣ ತರುವುದು ಮತ್ತೊಂದು. ನಿಜವಾಗಿ ಸರ್ವರ್ ಜೊತೆ ಮಾತಾಡುವುದು ಹಿನ್ನೆಲೆಯ ಸೇವೆಯಾಗಿರುವುದು ಸಾಮಾನ್ಯ. ಅದೇ ಫೋಲ್ಡರ್‌ನಲ್ಲಿ ಹುಡುಕಿ.

4. "ಇನ್‌ಬೌಂಡ್ ರೂಲ್ಸ್"ಗೆ ಮರಳಿ "ನ್ಯೂ ರೂಲ್" ಒತ್ತಿ, "ಪ್ರೋಗ್ರಾಂ" ಆರಿಸಿ, ಆ ಫೈಲನ್ನು ತೋರಿಸಿ, "ಅಲೋ ದ ಕನೆಕ್ಷನ್" ಕೊಡಿ. ಪ್ರೊಫೈಲ್ ಕೇಳಿದಾಗ ಹಂತ 2ರಲ್ಲಿ ಬರೆದುಕೊಂಡ ಸಕ್ರಿಯ ಪ್ರೊಫೈಲಿಗೆ ಗುರುತು ಹಾಕಿ. ಹೆಸರನ್ನು ನಿಮಗೆ ನೆನಪಿರುವಂತೆ ಕೊಟ್ಟು, ಪಕ್ಕದಲ್ಲಿ ತಾರೀಖನ್ನೂ ಸೇರಿಸಿ.

ಪ್ರೊಫೈಲಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ನೇರವಾಗಿ ಡಯಲ್ ಮಾಡಿದ ಸಂಪರ್ಕವನ್ನು ವಿಂಡೋಸ್ ಸಾಮಾನ್ಯವಾಗಿ "ಪಬ್ಲಿಕ್" ಎಂದು ಪರಿಗಣಿಸುತ್ತದೆ. ಮನೆಯ ಕಂಪ್ಯೂಟರ್ ಎಂದು ನಾವು ನಿಯಮದಲ್ಲಿ "ಪ್ರೈವೇಟ್"ಗೆ ಮಾತ್ರ ಗುರುತು ಹಾಕುತ್ತೇವೆ. ನಿಯಮ ಸರಿಯಾಗಿಯೇ ಇರುತ್ತದೆ, ಅದು ಕೆಲಸ ಮಾಡುವ ಜಾಗದಲ್ಲಿ ಸಂಪರ್ಕವೇ ಇರುವುದಿಲ್ಲ. ಇದಕ್ಕೆ ಕೆಲವರು ಕಂಡುಕೊಳ್ಳುವ ಉಪಾಯ, ಇಡೀ ಸಂಪರ್ಕವನ್ನೇ "ಪ್ರೈವೇಟ್" ಮಾಡುವುದು. ಬೇಡ. ಹಾಗೆ ಮಾಡಿದರೆ ಮನೆಯೊಳಗಿನ ನೆಟ್‌ವರ್ಕಿಗೆಂದು ಕೊಟ್ಟಿದ್ದ ಸಡಿಲಿಕೆಗಳು, ಕಡತ ಹಂಚಿಕೆ ಮುಂತಾದವು, ಹೊರಗಿನ ತಂತಿಗೂ ಅನ್ವಯಿಸುತ್ತವೆ. ಸಂಪರ್ಕ "ಪಬ್ಲಿಕ್" ಆಗಿಯೇ ಇರಲಿ, ನಿಯಮದಲ್ಲಿ "ಪಬ್ಲಿಕ್"ಗೂ ಗುರುತು ಹಾಕಿ.

ಬಿಗಿ ಮಾಡಬೇಕೆಂದರೆ ನಿಯಮವನ್ನು ತೆರೆದು "ಸ್ಕೋಪ್" ಭಾಗದಲ್ಲಿ "ರಿಮೋಟ್ ಐಪಿ" ಜಾಗಕ್ಕೆ ಕಂಪನಿಯ ಲಾಗಿನ್ ಸರ್ವರಿನ ವಿಳಾಸವನ್ನು ಮಾತ್ರ ಬರೆಯಿರಿ. ಕಂಪನಿ ಸರ್ವರ್ ಬದಲಿಸಿದ ದಿನ ಇದೇ ನಿಯಮ ನಿಮ್ಮನ್ನು ಕಾಡಬಹುದು. ನಾನು ಆ ತೊಂದರೆಯನ್ನು ಒಪ್ಪಿಕೊಂಡು ಬಿಗಿಯಾಗಿಯೇ ಇಡುತ್ತೇನೆ.

## ಹಂತ 5: ಅಳೆದಂತೆ ಕಡಿದು ಹೋಗುವ ಸಂಪರ್ಕ

ಲಾಗಿನ್ ತಂತ್ರಾಂಶಗಳಲ್ಲಿ ಹಲವು, ಬಳಕೆದಾರ ಇನ್ನೂ ಇದ್ದಾನೆಯೇ ಎಂದು ಆಗಾಗ ವಿಚಾರಿಸಿಕೊಳ್ಳುತ್ತವೆ. ಕಂಪ್ಯೂಟರೇ ಸರ್ವರನ್ನು ಮಾತಾಡಿಸಿದರೆ ಅದಕ್ಕೆ ಬರುವ ಉತ್ತರವನ್ನು ಫೈರ್‌ವಾಲ್ ತಾನಾಗಿ ಒಳಗೆ ಬಿಡುತ್ತದೆ, ಏಕೆಂದರೆ ಪ್ರಶ್ನೆ ಒಳಗಿನಿಂದಲೇ ಹೋದದ್ದು ಎಂದು ಅದಕ್ಕೆ ನೆನಪಿರುತ್ತದೆ. ಸರ್ವರ್ ತಾನಾಗಿ ಬಂದು ಬೇರೊಂದು ಪೋರ್ಟಿನ ಬಾಗಿಲು ತಟ್ಟಿದರೆ ಅದು ಅಪರಿಚಿತನ ಭೇಟಿ. ಫೈರ್‌ವಾಲ್ ಸದ್ದಿಲ್ಲದೆ ತಡೆಯುತ್ತದೆ. ಉತ್ತರ ಸಿಗದ ಸರ್ವರ್ ನೀವು ಎದ್ದು ಹೋದಿರಿ ಎಂದುಕೊಂಡು ಲಾಗೌಟ್ ಮಾಡುತ್ತದೆ.

ಇದನ್ನು ಊಹಿಸುವ ಬದಲು ಕಣ್ಣಾರೆ ನೋಡಬಹುದು. ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿಯ ಮೇಲ್ತುದಿಯ ಹೆಸರಿನ "ಪ್ರಾಪರ್ಟೀಸ್" ತೆರೆದು, ಸಕ್ರಿಯ ಪ್ರೊಫೈಲಿನ ಹಾಳೆಯಲ್ಲಿ "ಲಾಗಿಂಗ್" ಪಕ್ಕದ "ಕಸ್ಟಮೈಸ್" ಒತ್ತಿ. "ಲಾಗ್ ಡ್ರಾಪ್ಡ್ ಪ್ಯಾಕೆಟ್ಸ್" ಎಂಬುದನ್ನು "ಯೆಸ್" ಮಾಡಿ. ಕಡತ ಎಲ್ಲಿದೆ ಎಂದು ಅದೇ ಕಿಟಕಿ ತೋರಿಸುತ್ತದೆ: ವಿಂಡೋಸ್ ಫೋಲ್ಡರಿನ ಸಿಸ್ಟಮ್32ರೊಳಗೆ ಲಾಗ್‌ಫೈಲ್ಸ್, ಅದರೊಳಗೆ ಫೈರ್‌ವಾಲ್. ಗಾತ್ರದ ಮಿತಿ 4096 ಕೆಬಿ ಇರುತ್ತದೆ, ಇಷ್ಟಕ್ಕೆ ಅದು ಸಾಕು. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದರೆ ಮಾತ್ರ ಕಡತ ಓದಲು ಸಿಗುತ್ತದೆ.

ಒಮ್ಮೆ ಹೀಗೆ ಓದಿದ ಸಾಲಿನ ರೂಪ ಇದು, ವಿಳಾಸಗಳನ್ನು ಬದಲಿಸಿದ್ದೇನೆ:

21:14:07 ಡ್ರಾಪ್ ಯುಡಿಪಿ 10.20.0.5 10.20.4.37 5010 5011 … ರಿಸೀವ್

ಎಡದಿಂದ ಓದಿ. ರಾತ್ರಿ 9 ಗಂಟೆ 14 ನಿಮಿಷಕ್ಕೆ, ಒಂದು ಯುಡಿಪಿ ಪ್ಯಾಕೆಟ್ (ಮಾಹಿತಿಯ ತುಣುಕು) ತಡೆಯಲ್ಪಟ್ಟಿದೆ. ಮೊದಲ ವಿಳಾಸ ಕಳುಹಿಸಿದವರದು, ಎರಡನೆಯದು ನಮ್ಮದು. ಆಮೇಲಿನ ಎರಡು ಸಂಖ್ಯೆಗಳು ಅವರ ಪೋರ್ಟ್ ಮತ್ತು ನಮ್ಮ ಪೋರ್ಟ್. ಕೊನೆಯ ಪದ ಅದು ಒಳಬರುವ ಪ್ಯಾಕೆಟ್ ಎನ್ನುತ್ತದೆ. ಅದೇ ವಿಳಾಸದಿಂದ ಅದೇ ಪೋರ್ಟಿಗೆ ಒಂದೊಂದು ನಿಮಿಷದ ಅಂತರದಲ್ಲಿ ಮೂರು ಸಾಲುಗಳಿದ್ದವು. ಮೂರನೆಯದರ ಬೆನ್ನಿಗೇ ಸಂಪರ್ಕ ಕಡಿದಿತ್ತು. ಆ ವಿಳಾಸ ಲಾಗಿನ್ ಸರ್ವರಿನದೇ ಎಂದು ಖಚಿತಪಡಿಸಿಕೊಂಡು, ಆ ಒಂದು ಪೋರ್ಟಿಗೆ, ಆ ಒಂದು ವಿಳಾಸದಿಂದ ಮಾತ್ರ ಅನುಮತಿ ಬರೆದ ಮೇಲೆ ತೊಂದರೆ ನಿಂತಿತು. ಅದಕ್ಕೆ ಮೊದಲು ಆ ಮನೆಯವರು ಎರಡು ಬಾರಿ ಮೋಡೆಮ್ ಬದಲಿಸಿದ್ದರು.

ಲಾಗ್‌ನಲ್ಲಿ ಡ್ರಾಪ್ ಎಂದು ನೂರಾರು ಸಾಲು ಕಂಡರೆ ಗಾಬರಿ ಬೇಡ. ಇಂಟರ್ನೆಟ್ಟಿನಲ್ಲಿ ಸುಮ್ಮನೆ ಬಾಗಿಲು ತಟ್ಟಿ ಹೋಗುವವರು ಬಹಳ ಮಂದಿ, ಅವರನ್ನು ತಡೆಯುವುದೇ ಫೈರ್‌ವಾಲಿನ ಕೆಲಸ. ಸಂಪರ್ಕ ಕಡಿದ ಕ್ಷಣದ ಹಿಂದಿನ ಕೆಲವು ನಿಮಿಷಗಳನ್ನು ಮಾತ್ರ ನೋಡಿ.

ಕಡಿತದ ಅಂತರ ನಿಮಿಷಗಳಲ್ಲದೆ ಗಂಟೆಗಳಲ್ಲಿದ್ದರೆ ಬೇರೆ ಅನುಮಾನ. "ಡೀಟೇಲ್ಸ್" ಕಿಟಕಿಯಲ್ಲಿ ವಿಳಾಸದ ಗುತ್ತಿಗೆ ಯಾವಾಗ ಸಿಕ್ಕಿತು, ಯಾವಾಗ ಮುಗಿಯುತ್ತದೆ ಎಂದು ಬರೆದಿರುತ್ತದೆ. ಕಂಪ್ಯೂಟರ್ ಅರ್ಧ ಅವಧಿ ಕಳೆದಾಗ ಒಮ್ಮೆ, ನವೀಕರಣವಾಗದಿದ್ದರೆ ಶೇ 87.5ರಷ್ಟು ಕಳೆದಾಗ ಮತ್ತೊಮ್ಮೆ ಗುತ್ತಿಗೆಯ ನವೀಕರಣ ಕೇಳುತ್ತದೆ. ಸಂಪರ್ಕ ಕಡಿಯುವ ಹೊತ್ತೂ ಗುತ್ತಿಗೆ ಮುಗಿಯುವ ಹೊತ್ತೂ ಒಂದೇ ಆಗಿದ್ದರೆ ಆ ಮಾತುಕತೆಯನ್ನು ಯಾರೋ ನುಂಗುತ್ತಿದ್ದಾರೆ. ಮೊದಲ ಬಾರಿ ವಿಳಾಸ ಸಿಕ್ಕಿತ್ತಲ್ಲ ಎಂದು ಡಿಎಚ್‌ಸಿಪಿಯನ್ನು ಬಿಟ್ಟುಬಿಡಬೇಡಿ. ಮೊದಲ ವಿನಂತಿ ಎಲ್ಲರಿಗೂ ಕೇಳುವಂತೆ ಕೂಗುವುದು, ಅರ್ಧ ಅವಧಿಯ ನವೀಕರಣ ಒಂದೇ ಸರ್ವರಿಗೆ ನೇರವಾಗಿ ಹೋಗುವುದು. ಕೆಲವು ಫೈರ್‌ವಾಲ್‌ಗಳು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆಯುತ್ತವೆ. ವಿಂಡೋಸ್‌ನಲ್ಲಾದರೆ ಇನ್‌ಬೌಂಡ್ ಪಟ್ಟಿಯಲ್ಲಿ "ಕೋರ್ ನೆಟ್‌ವರ್ಕಿಂಗ್" ಎಂದು ಆರಂಭವಾಗುವ ಡಿಎಚ್‌ಸಿಪಿ ನಿಯಮಕ್ಕೆ ಹಸಿರು ಗುರುತು ಇರಬೇಕು. ಬೇರೆ ಫೈರ್‌ವಾಲಿನಲ್ಲಿ ಯುಡಿಪಿ 67 ಮತ್ತು 68ಕ್ಕೆ ಅವಕಾಶ ಕೊಡಿ.

## ಹಂತ 6: ಅರ್ಧ ತೆರೆಯುವ ಪುಟಗಳು

ಚಿಕ್ಕ ಪುಟ ಬರುತ್ತದೆ, ದೊಡ್ಡದು ನಿಲ್ಲುತ್ತದೆ. ಸಂದೇಶ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಇದು ಗಾತ್ರದ ತೊಂದರೆ.

ಮಾಮೂಲಿ ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ ತನ್ನ ಹೊದಿಕೆಗೆ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ದೊಡ್ಡ ಪ್ಯಾಕೆಟ್ ಬಂದಾಗ ದಾರಿಯಲ್ಲಿರುವ ರೌಟರ್ "ಇದು ಹಿಡಿಸದು, ಚಿಕ್ಕದು ಮಾಡಿ ಕಳುಹಿಸು" ಎಂದು ಐಸಿಎಂಪಿ (ದಾರಿಯ ತೊಂದರೆ ತಿಳಿಸಲು ನೆಟ್‌ವರ್ಕ್ ಬಳಸುವ ವಿಧಾನ, ಪಿಂಗ್ ಕೂಡ ಇದರಲ್ಲೇ ಹೋಗುತ್ತದೆ) ಸಂದೇಶ ಕಳುಹಿಸುತ್ತದೆ. ಭದ್ರತೆಗೆಂದು ಐಸಿಎಂಪಿಯನ್ನು ಪೂರ್ತಿ ಮುಚ್ಚಿದ ಮನೆಯಲ್ಲಿ ಆ ಮಾತು ಕೇಳಿಸುವುದೇ ಇಲ್ಲ. ಕಳುಹಿಸಿದವನು ಉತ್ತರಕ್ಕೆ ಕಾಯುತ್ತಲೇ ಇರುತ್ತಾನೆ. ಪಿಂಗ್ ತಡೆದರೆ ಯಂತ್ರ ಅದೃಶ್ಯವಾಗುತ್ತದೆ ಎಂಬ ಹಳೆಯ ಸಲಹೆಯ ಫಲ ಇದು.

ಪರೀಕ್ಷೆ ಸುಲಭ. ಕಮಾಂಡ್ ಪ್ರಾಂಪ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಅಡ್ಡಗೆರೆಯೊಂದಿಗೆ ಎಫ್, ಮತ್ತೆ ಜಾಗ ಬಿಟ್ಟು ಅಡ್ಡಗೆರೆಯೊಂದಿಗೆ ಎಲ್, ಜಾಗ ಬಿಟ್ಟು 1464, ಕೊನೆಗೆ 1.1.1.1 (ಹೊರಗಿನ ಒಂದು ಸಾರ್ವಜನಿಕ ಸರ್ವರಿನ ವಿಳಾಸ) ಎಂದು ಬರೆದು ಎಂಟರ್ ಒತ್ತಿ. ಇದಕ್ಕೆ 28 ಬೈಟ್ ಶಿರೋಭಾಗ ಸೇರಿ 1492 ಆಗುತ್ತದೆ. ಉತ್ತರ ಬಂದರೆ ಈಗ 1464ರ ಜಾಗದಲ್ಲಿ 1472 ಹಾಕಿ. ಅದಕ್ಕೂ ಉತ್ತರ ಬಂದರೆ ನಿಮ್ಮ ದಾರಿ ಪೂರ್ತಿ 1500 ಹಿಡಿಸುತ್ತದೆ, ಗಾತ್ರದ ಚಿಂತೆ ಬಿಡಿ. ಪ್ಯಾಕೆಟನ್ನು ತುಂಡು ಮಾಡಬೇಕು ಎಂಬ ಸಂದೇಶ ಬಂದರೆ ವ್ಯವಸ್ಥೆ ಸರಿಯಾಗಿಯೇ ಮಾತಾಡುತ್ತಿದೆ. ಏನೂ ಹೇಳದೆ "ಟೈಮ್ಡ್ ಔಟ್" ಎಂದರೆ ಸಂದೇಶವನ್ನು ದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ.

ಪರಿಹಾರವಾಗಿ, ಇನ್‌ಬೌಂಡ್ ಪಟ್ಟಿಯ ಕೋರ್ ನೆಟ್‌ವರ್ಕಿಂಗ್ ಗುಂಪಿನಲ್ಲಿ "ಫ್ರಾಗ್ಮೆಂಟೇಶನ್ ನೀಡೆಡ್" ಮತ್ತು "ಪ್ಯಾಕೆಟ್ ಟೂ ಬಿಗ್" ಎಂಬ ನಿಯಮಗಳು ಸಕ್ರಿಯವಾಗಿರುವಂತೆ ನೋಡಿ. ರೌಟರ್ ಇದ್ದರೆ ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಸೆಟ್ಟಿಂಗಿನಲ್ಲಿ ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಪಿಪಿಪಿಒಇ ಸಂಪರ್ಕಕ್ಕೆ 1492 ಎಂದು ಇರಲಿ. ಐಪಿವಿ6 ಇರುವ ಸಂಪರ್ಕದಲ್ಲಿ ಐಸಿಎಂಪಿವಿ6 ಅನ್ನು ಸಾರಾಸಗಟಾಗಿ ಮುಚ್ಚಲೇಬಾರದು. ಪಕ್ಕದ ಯಂತ್ರವನ್ನು ಕಂಡುಹಿಡಿಯುವ ಕೆಲಸವೂ ಅದರ ಮೂಲಕವೇ ನಡೆಯುತ್ತದೆ.

## ಹಂತ 7: ಫೈರ್‌ವಾಲಿನ ವೇಷದಲ್ಲಿ ಬರುವ ಬೇರೆ ದೋಷಗಳು

ಸಂಪರ್ಕ ತಂತ್ರಾಂಶವೋ ಹಳೆಯ ಆ್ಯಂಟಿವೈರಸ್ಸೋ ವಿಂಡೋಸ್‌ನಲ್ಲಿ ಪ್ರಾಕ್ಸಿ (ಬ್ರೌಸರ್ ಮತ್ತು ಇಂಟರ್ನೆಟ್ ನಡುವಿನ ಮಧ್ಯವರ್ತಿ) ಸೆಟ್ಟಿಂಗ್ ಬಿಟ್ಟುಹೋಗಿರಬಹುದು. ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ 127.0.0.1 ಎಂಬ ವಿಳಾಸ (ಇದು ನಿಮ್ಮ ಕಂಪ್ಯೂಟರಿನದೇ) ಕಂಡು, ಅದನ್ನು ಹಾಕಿದ ತಂತ್ರಾಂಶ ಈಗ ಇಲ್ಲವಾದರೆ, ಬ್ರೌಸರ್ ಸತ್ತವರ ಮನೆಗೆ ಕಾಗದ ಹಾಕುತ್ತಿದೆ. ಅದನ್ನು ಆಫ್ ಮಾಡಿ.

ಲಾಗಿನ್ ಪುಟದಲ್ಲಿ ಪ್ರಮಾಣಪತ್ರದ ಎಚ್ಚರಿಕೆ ಬರುತ್ತಿದ್ದರೆ ಭದ್ರತಾ ತಂತ್ರಾಂಶದ ಎಚ್‌ಟಿಟಿಪಿಎಸ್ ತಪಾಸಣೆಯನ್ನು ಪರೀಕ್ಷೆಗಾಗಿ ನಿಲ್ಲಿಸಿ ನೋಡಿ. ಹೆಸರು ಬರೆದರೆ ಪುಟ ತೆರೆಯದೆ, 1.1.1.1ಗೆ ಪಿಂಗ್ ಮಾತ್ರ ಹೋಗುತ್ತಿದ್ದರೆ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೆಟ್ಟಿದೆ: 53ನೆಯ ಪೋರ್ಟಿಗೆ ಯುಡಿಪಿ ಮತ್ತು ಟಿಸಿಪಿ ಎರಡೂ ಹೊರಹೋಗಬೇಕು.

ಏನು ಮಾಡಿದರೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ "ನೆಟ್‌ವರ್ಕ್ ರೀಸೆಟ್" ಇದೆ. ಅದು ನೆಟ್‌ವರ್ಕ್ ಕಾರ್ಡುಗಳನ್ನೆಲ್ಲ ತೆಗೆದು ಮತ್ತೆ ಸ್ಥಾಪಿಸುತ್ತದೆ. ವೈಫೈ ಪಾಸ್‌ವರ್ಡ್‌ಗಳನ್ನು ಮತ್ತೆ ಕೊಡಬೇಕಾಗಬಹುದು, ವಿಪಿಎನ್‌ನಂಥ ತಂತ್ರಾಂಶಗಳನ್ನು ಮತ್ತೆ ಸ್ಥಾಪಿಸಬೇಕಾಗಬಹುದು, ಡಯಲ್ ಸಂಪರ್ಕವನ್ನೂ ಹೊಸದಾಗಿ ಮಾಡಿಕೊಳ್ಳಲು ಸಿದ್ಧರಾಗಿರಿ. ಇದನ್ನು ಮೊದಲ ಹೆಜ್ಜೆಯಾಗಿ ಮಾಡುವವರಿದ್ದಾರೆ. ಕಾಗದದಲ್ಲಿ ಪಾಸ್‌ವರ್ಡ್ ಬರೆದಿಡಿ ಎಂದದ್ದು ಅವರನ್ನು ನೆನೆದೇ.

## ಹಂತ 8: ತಂತ್ರಾಂಶವನ್ನೇ ಬಿಡಬಹುದೇ?

ನನ್ನನ್ನು ಕೇಳಿದರೆ, ಸಾಧ್ಯವಿದ್ದರೆ ಬಿಡಿ. ಪಿಪಿಪಿಒಇ ಡಯಲ್ ಮಾಡಲು ವಿಂಡೋಸ್‌ಗೆ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ. "ಸೆಟ್ ಅಪ್ ಎ ನ್ಯೂ ಕನೆಕ್ಷನ್" ಎಂಬಲ್ಲಿ ಬ್ರಾಡ್‌ಬ್ಯಾಂಡ್ ಆರಿಸಿದರೆ ಸಾಕು. ಇನ್ನೂ ಒಳ್ಳೆಯದು, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ರೌಟರಿಗೇ ಕೊಡುವುದು. ಆಗ ಡಯಲ್ ಮಾಡುವುದು, ಕಡಿದರೆ ಮತ್ತೆ ಜೋಡಿಸುವುದು ಅದರ ಕೆಲಸ. ಕಂಪ್ಯೂಟರಿನ ಫೈರ್‌ವಾಲ್ ತನ್ನ ಪಾಡಿಗೆ ಬಿಗಿಯಾಗಿ ಇರಬಹುದು.

ರೌಟರ್ ಹಾಕಿದೊಡನೆ ಸಂಪರ್ಕವೇ ಬರದಿದ್ದರೆ, ಕಂಪನಿ ನಿಮ್ಮ ಹಳೆಯ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಆ್ಯಪಲ್ ಮ್ಯಾಕ್‌ಗೆ ಸಂಬಂಧವಿಲ್ಲ) ಖಾತೆಗೆ ಕಟ್ಟಿಹಾಕಿರಬಹುದು. ಅದನ್ನು ಬದಲಿಸಲು ಕಂಪನಿಯನ್ನೇ ಕೇಳಿ, ಅಥವಾ ರೌಟರಿನ "ಮ್ಯಾಕ್ ಕ್ಲೋನ್" ಬಳಸಿ. ಲಾಗಿನ್ ತಂತ್ರಾಂಶ ಕಂಪ್ಯೂಟರಿನಲ್ಲೇ ಇರಬೇಕು ಎಂದು ಕಂಪನಿ ಪಟ್ಟುಹಿಡಿದರೆ ಹಂತ 4 ಮತ್ತು 5 ನಿಮ್ಮ ದಾರಿ.

ಮ್ಯಾಕ್ ಕಂಪ್ಯೂಟರಿನ ಒಳಗಿನ ಫೈರ್‌ವಾಲ್ ಒಳಬರುವುದನ್ನು ಮಾತ್ರ ನೋಡುತ್ತದೆ. ಅದರ ಆಯ್ಕೆಗಳಲ್ಲಿ ಸಂಪರ್ಕ ತಂತ್ರಾಂಶವನ್ನು ಸೇರಿಸಿ, "ಬ್ಲಾಕ್ ಆಲ್ ಇನ್‌ಕಮಿಂಗ್" ಆಫ್ ಇರಲಿ. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಬಳಸುವವರು ಅದರ ಲಾಗ್ ಆನ್ ಮಾಡಿ ಹಂತ 5ರ ರೀತಿಯಲ್ಲೇ ಓದಬಹುದು.

## ಕಂಪನಿಗೆ ಕರೆ ಮಾಡುವಾಗ

"ನೆಟ್ ಬರುತ್ತಿಲ್ಲ" ಎಂದರೆ "ಫೈರ್‌ವಾಲ್ ಆಫ್ ಮಾಡಿ" ಎಂಬ ಉತ್ತರವೇ ಮತ್ತೆ ಬರುತ್ತದೆ. ಬದಲಿಗೆ ಮೂರು ಪ್ರಶ್ನೆ ಕೇಳಿ: ಲಾಗಿನ್ ಸರ್ವರಿನ ವಿಳಾಸ ಯಾವುದು, ತಂತ್ರಾಂಶ ಯಾವ ಪೋರ್ಟ್‌ಗಳನ್ನು ಟಿಸಿಪಿಯಲ್ಲಿ ಮತ್ತು ಯುಡಿಪಿಯಲ್ಲಿ ಬಳಸುತ್ತದೆ, ಖಾತೆ ಮ್ಯಾಕ್ ವಿಳಾಸಕ್ಕೆ ಕಟ್ಟಿದೆಯೇ. ಮೊದಲು ಮಾತಾಡಿದವರಿಗೆ ಗೊತ್ತಿರದಿದ್ದರೆ ದೂರಿನ ಸಂಖ್ಯೆ ಪಡೆದು, ತಾಂತ್ರಿಕ ವಿಭಾಗದಿಂದ ಕರೆ ಮಾಡಿಸಿ ಎಂದು ಕೇಳಿ. ಹಂತ 5ರಲ್ಲಿ ಸಿಕ್ಕ ಲಾಗ್ ಸಾಲನ್ನು ಓದಿ ಹೇಳಿದರೆ ಮಾತಿನ ಧಾಟಿಯೇ ಬದಲಾಗುವುದನ್ನು ಕಂಡಿದ್ದೇನೆ.

ಕೆಲಸ ಮುಗಿದ ಮೇಲೆ ಲಾಗಿಂಗನ್ನು "ನೋ" ಮಾಡಿ, ಎಲ್ಲ ಪ್ರೊಫೈಲ್‌ಗಳೂ ಆನ್ ಇವೆಯೇ ನೋಡಿ, ಹೊಸ ನಿಯಮಗಳೊಂದಿಗೆ ಪಾಲಿಸಿಯನ್ನು ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ಹೆಸರು, ಪಾಸ್‌ವರ್ಡ್ ಬರೆದ ಕಾಗದವನ್ನು ಮೋಡೆಮ್ಮಿನ ಕೆಳಗೇ ಇಟ್ಟಿರಿ. ಸಂಪರ್ಕ ತಂತ್ರಾಂಶದ ಮುಂದಿನ ನವೀಕರಣ ಬಂದ ದಿನ ಹಂತ 4ರ ಎರಡನೆಯ ಅಂಶಕ್ಕೆ ಮತ್ತೆ ಬರಬೇಕಾಗಬಹುದು.